ಏಪ್ರಿಲ್ 14ರಂದು ಹುಟ್ಟಿದ ಕಾರು



ಪೋಸ್ಟ್ ಉದ್ದ ಇದೆ. ಪುರುಸೊತ್ತಾದಾಗ ಓದಿ, ಆದ್ರೆ ಪೂರ್ತಿ ಓದಿ. ಇವನೇನು ಕಾರಿನ ಬಗ್ಗೆ ಬರೀತಾನೆ ಅಂತ ಕೆಲವರು ನಗಬಹುದು. ನಗಲಿ. ಕೊನೆಗೆ ಬರೋ ಹೊತ್ತಿಗೆ ಯಾಕೆ ಬರೆದೆ ಅಂತ ಗೊತ್ತಾಗುತ್ತೆ.

ಜಯಂತಿಗೆ ಮುಂಚೆ ನಮ್ಮ ಕಾಲೋನಿಯಲ್ಲಿ ಸಭೆ ಸೇರಿದ್ವಿ. ಪ್ರತಿ ವರ್ಷ ಟ್ರ್ಯಾಕ್ಟರ್ ಟ್ರೈಲರ್ ಮೇಲೆ ಬಾಬಾಸಾಹೇಬರ ಫೋಟೋ ಇಟ್ಟು, ಬಾಳೆಕಂದು ಕಟ್ಟಿ, ತಮಟೆ ಬಡ್ಕೊಂಡು ಜಂಗಮಕೋಟೆ ಬೀದಿಯಲ್ಲಿ ಮೆರವಣಿಗೆ ಹೋಗೋದು ನಮ್ಮ ರೂಢಿ. ಈ ಸಲ ಒಬ್ಬ ಹುಡುಗ ಎದ್ದು ನಿಂತ. ಬೆಂಗಳೂರಲ್ಲಿ ಒಬ್ಬರ ಮನೆ ಕಾರು ಓಡಿಸ್ತಾನೆ. "ಅಣ್ಣ, ಈ ಸಲ ಟ್ರ್ಯಾಕ್ಟರ್ ಬೇಡಣ್ಣ. ನಮ್ಮ ಓನರ್ದು ವೋಲ್ವೋ ಕಾರು ಐತೆ. ಕೇಳಿದ್ರೆ ಒಂದಿನಕ್ಕೆ ಕೊಡ್ತಾರೆ. ಅದ್ರಲ್ಲಿ ಕೂರಿಸ್ಕೊಂಡು ಬರೋಣ" ಅಂದ.

ನನಗೆ ಸಿಟ್ಟು ಬಂತು. "ಬಾಬಾಸಾಹೇಬರು ಓದು ಅಂದ್ರು, ಸಂಘಟಿತನಾಗು ಅಂದ್ರು, ಹೋರಾಡು ಅಂದ್ರು. ಸಾಹುಕಾರನ ಕಾರಲ್ಲಿ ನನ್ನ ಮೆರೆಸು ಅಂತ ಎಲ್ಲಾದ್ರೂ ಅಂದವ್ರಾ?" ಅಂತ ಎಲ್ಲರ ಮುಂದೆ ಬೈದುಬಿಟ್ಟೆ. ಹುಡುಗ ತಲೆ ಬಗ್ಗಿಸಿ ಕೂತ. ಸಭೆ ಮುಗಿದ ಮೇಲೆ ಹತ್ರ ಬಂದು ಮೆಲ್ಲಗೆ ಹೇಳಿದ: "ಅಣ್ಣ, ಆ ಕಂಪನಿ ಮೊದಲನೇ ಕಾರು ಆಚೆ ಬಂದಿದ್ದೂ ಏಪ್ರಿಲ್ 14ಕ್ಕೇ. ಅದಕ್ಕೇ ಹೇಳಿದ್ದು."

ನಾನು ನಂಬಲಿಲ್ಲ. ಮನೆಗೆ ಬಂದು ಹುಡುಕಿದೆ. ನಿಜ. ಸ್ವೀಡನ್ ದೇಶದ ಗೋಥೆನ್‌ಬರ್ಗ್ ಪಟ್ಟಣದ ಫ್ಯಾಕ್ಟರಿಯಿಂದ ವೋಲ್ವೋ ಕಂಪನಿಯ ಮೊದಲ ಕಾರು ಆಚೆ ಬಂದಿದ್ದು 1927ರ ಏಪ್ರಿಲ್ 14. ಆವತ್ತು ಬಾಬಾಸಾಹೇಬರಿಗೆ 36 ತುಂಬಿತ್ತು. ಅದಕ್ಕೆ 25 ದಿನ ಮುಂಚೆ, ಮಾರ್ಚ್ 20ಕ್ಕೆ, ಅವರು ಮಹಾಡಿನ ಚವದಾರ್ ಕೆರೆಗಿಳಿದು ಬೊಗಸೆಯಲ್ಲಿ ನೀರು ಕುಡಿದಿದ್ರು.

ಆಮೇಲೆ ನನಗೆ ನಿದ್ದೆ ಬರಲಿಲ್ಲ. ಕೂತು ಓದಿದೆ. ಓದಿದ್ದನ್ನ ಇಲ್ಲಿ ಬರೀತಿದ್ದೀನಿ.

ಮೊದಲು ಆ ಕಡೆ ಕತೆ. 1924ರಲ್ಲಿ ಅಸ್ಸಾರ್ ಗ್ಯಾಬ್ರಿಯೆಲ್ಸನ್, ಗುಸ್ತಾಫ್ ಲಾರ್ಸನ್ ಅನ್ನೋ ಇಬ್ಬರು ಸ್ಟಾಕ್‌ಹೋಮಿನ ಒಂದು ಹೋಟೆಲಲ್ಲಿ ಊಟಕ್ಕೆ ಕೂತು, ನಮ್ಮ ದೇಶದ ರಸ್ತೆಗೆ, ನಮ್ಮ ಚಳಿಗೆ ತಡೆಯೋ ಕಾರನ್ನ ನಾವೇ ಮಾಡೋಣ ಅಂತ ಮಾತಾಡ್ಕೊಂಡ್ರು. ಒಬ್ಬ ವ್ಯಾಪಾರದ ಲೆಕ್ಕ ಗೊತ್ತಿದ್ದವನು, ಇನ್ನೊಬ್ಬ ಇಂಜಿನಿಯರ್. ದುಡ್ಡು ಹಾಕಿದ್ದು ಎಸ್‌ಕೆಎಫ್ ಅನ್ನೋ ಬಾಲ್ ಬೇರಿಂಗ್ ಕಂಪನಿ. ವೋಲ್ವೋ ಅನ್ನೋದು ಲ್ಯಾಟಿನ್ ಮಾತು, 'ನಾನು ಉರುಳ್ತೀನಿ' ಅಂತ ಅರ್ಥ. ಅವರ ಗುರುತಿನಲ್ಲಿ ಒಂದು ಸುತ್ತು, ಅದರಿಂದ ಆಚೆ ಹೊರಟ ಬಾಣ ಇದೆಯಲ್ಲ, ಅದು ಕಬ್ಬಿಣಕ್ಕೆ ಹಳೇ ಕಾಲದಲ್ಲಿ ಬಳಸ್ತಿದ್ದ ಚಿಹ್ನೆ.

ಮೊದಲ ಕಾರಿನ ಹೆಸರು ಓವಿ4. ಓಪನ್ ಕಾರು, ನಾಲ್ಕು ಸಿಲಿಂಡರ್. ಅಲ್ಲಿ ಚಳಿ ಎಲುಬು ಕೊರೆಯುತ್ತೆ, ಇವರು ಮೇಲ್ಛಾವಣಿ ಇಲ್ಲದ ಕಾರು ಮಾಡಿದ್ರು! ಅದೂ ಸಾಲದು ಅಂತ, ಮೊದಲ ಗೇರು ಹಾಕಿದ್ರೆ ಕಾರು ಹಿಂದಕ್ಕೆ ಹೋಯ್ತಂತೆ. ಹಿಂದಿನ ಆಕ್ಸಲ್ಲಿನ ಜೋಡಣೆ ಉಲ್ಟಾ ಆಗಿತ್ತು ಅಂತ ಕಂಪನಿಯವರೇ ನಗ್ತಾ ಹೇಳ್ಕೊಂತಾರೆ. ಮೊದಲ ವರ್ಷ ಮುನ್ನೂರು ಕಾರೂ ಮಾರಾಟ ಆಗಲಿಲ್ಲ. ಆದರೂ ಕಂಪನಿ ನಿಂತಿತು. ತಪ್ಪು ಮಾಡೋಕೆ, ತಿದ್ದಿಕೊಳ್ಳೋಕೆ, ಮತ್ತೆ ಮಾಡೋಕೆ ಅವರಿಗೆ ಅವಕಾಶ ಸಿಕ್ತು. ಹಿಂದೆ ದುಡ್ಡಿತ್ತು. 'ನಿಮ್ಮ ಹಣೇಬರಹದಲ್ಲಿ ಕಾರು ಮಾಡೋದು ಬರ್ದಿಲ್ಲ' ಅನ್ನೋರು ಯಾರೂ ಇರಲಿಲ್ಲ.

ಈಗ ಈ ಕಡೆ ಕತೆ. ಅದೇ 1927ರಲ್ಲಿ ನಮ್ಮವರು ಕೇಳ್ತಿದ್ದದ್ದು ಕಾರಲ್ಲ, ನೀರು. ಚವದಾರ್ ಕೆರೆ ಸಾರ್ವಜನಿಕ ಕೆರೆ. ದನ ಕುಡಿಯಬಹುದಿತ್ತು, ನಾಯಿ ಕುಡಿಯಬಹುದಿತ್ತು, ನಾವು ಮುಟ್ಟೋ ಹಾಗಿರಲಿಲ್ಲ. ಬಾಬಾಸಾಹೇಬರು ಕುಡಿದ್ರು. ಸಾವಿರಾರು ಜನ ಕುಡಿದ್ರು. ಅದಕ್ಕೆ ನಮ್ಮವರ ಮೇಲೆ ಹಲ್ಲೆ ಆಯ್ತು. ಆಮೇಲೆ ಕೆರೆಗೆ ಸಗಣಿ, ಗಂಜಲ ಸುರಿದು 'ಶುದ್ಧ' ಮಾಡಿದ್ರು. ಅದೇ ವರ್ಷ ಡಿಸೆಂಬರ್ 25ಕ್ಕೆ ಮನುಸ್ಮೃತಿ ಸುಟ್ಟಿದ್ದು. ಆ ಕೆರೆ ನೀರಿನ ಹಕ್ಕಿಗೆ ಬಾಂಬೆ ಹೈಕೋರ್ಟಿನ ತೀರ್ಪು ಬಂದಿದ್ದು 1937ರಲ್ಲಿ. ಬೊಗಸೆ ನೀರಿಗೆ ಹತ್ತು ವರ್ಷ.

ಬಾಬಾಸಾಹೇಬರ ಬದುಕಲ್ಲಿ ಗಾಡಿಗಳ ಕತೆಯೂ ಇದೆ. 'ವೇಟಿಂಗ್ ಫಾರ್ ಎ ವೀಸಾ' ಓದದವರು ಒಂದು ಸಲ ಓದಿ, ದೊಡ್ಡ ಪುಸ್ತಕವೇನಲ್ಲ. 1901ರಲ್ಲಿ ಹುಡುಗ ಭೀಮರಾವ್ ಅಣ್ಣನ ಜೊತೆ ಅಪ್ಪನನ್ನ ನೋಡೋಕೆ ಗೋರೆಗಾಂವಿಗೆ ಹೊರಟಾಗ ಯಾವ ಗಾಡಿಯವನೂ ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆ ಕೊಟ್ಟು, ಗಾಡಿಯನ್ನ ಹುಡುಗರೇ ಹೊಡ್ಕೋಬೇಕು, ಗಾಡಿಯವನು ಪಕ್ಕದಲ್ಲಿ ನಡ್ಕೊಂಡು ಬರ್ತಾನೆ ಅನ್ನೋ ಒಪ್ಪಂದ ಆಯ್ತು.

1929ರಲ್ಲಿ ಇನ್ನೊಂದು. ಆಗ ಅವರು ದೊಡ್ಡ ಬ್ಯಾರಿಸ್ಟರ್. ಚಾಳೀಸ್‌ಗಾಂವ್ ಸ್ಟೇಷನ್ನಿಂದ ನಮ್ಮವರ ಕೇರಿಗೆ ಕರ್ಕೊಂಡು ಹೋಗೋಕೆ ಜನ ಟಾಂಗಾ ಗೊತ್ತುಮಾಡಿದ್ರು. ಅಸ್ಪೃಶ್ಯನನ್ನ ಕೂರಿಸ್ಕೊಂಡು ಓಡಿಸೋದು ನನ್ನ ಮರ್ಯಾದೆಗೆ ಕಮ್ಮಿ ಅಂದ ಟಾಂಗಾದವನು. ಗಾಡಿ ಬೇಕಾದ್ರೆ ತಗೊಂಡು ಹೋಗಿ, ನಾನು ಓಡಿಸಲ್ಲ ಅಂದ. ನಮ್ಮವರಿಗೂ ಮರ್ಯಾದೆ ಪ್ರಶ್ನೆ, ಬಾಬಾಸಾಹೇಬರನ್ನ ನಡೆಸಿಕೊಂಡು ಹೋಗೋದು ಹೇಗೆ ಅಂತ. ಓಡಿಸೋಕೆ ಬರದ ಒಬ್ಬ ಹಗ್ಗ ಹಿಡಿದ. ಮೋರಿ ಹತ್ರ ಚಕ್ರ ಕಲ್ಲಿನ ಸಂದಿಗೆ ಸಿಕ್ಕಿ ಬಾಬಾಸಾಹೇಬರು ಕಲ್ಲುಹಾಸಿನ ಮೇಲೆ ಬಿದ್ದರು. ಕಾಲು ಮುರೀತು. ಲೋಕಕ್ಕೆಲ್ಲ ಬ್ಯಾರಿಸ್ಟರ್ ಆದ್ರೂ, ಕೂಲಿ ಮಾಡೋ ಒಬ್ಬ ಹಿಂದೂ ಟಾಂಗಾದವನು ತನ್ನನ್ನ ಅವನಿಗಿಂತ ಮೇಲು ಅಂತ ಅಂದ್ಕೊಂಡಿದ್ದ. ಇದನ್ನ ಆವತ್ತು ಅರ್ಥ ಮಾಡ್ಕೊಂಡೆ ಅಂತ ಅವರೇ ಬರೆದಿದ್ದಾರೆ.

ಹಾಗಾಗಿ ಗಾಡಿ ಅಂದ್ರೆ ನಮಗೆ ಬರೀ ಗಾಡಿ ಅಲ್ಲ ಬಂಧುಗಳೇ. ಯಾರು ಹತ್ತಬಹುದು, ಯಾರು ಓಡಿಸಬಹುದು, ಬಿದ್ರೆ ಯಾರನ್ನ ಹಿಡಿಯೋಕೆ ಏನಿದೆ ಅನ್ನೋದು ಜಾತಿಯ ಪ್ರಶ್ನೆ. ಇವತ್ತಿಗೂ ಈ ದೇಶದಲ್ಲಿ ನಮ್ಮ ಮದುಮಗ ಕುದುರೆ ಹತ್ತಿದ್ರೆ ಕಲ್ಲು ಬೀಳುತ್ತೆ.

ಬಿದ್ದವರನ್ನ ಹಿಡಿಯೋ ಮಾತು ಬಂತಲ್ಲ, ವೋಲ್ವೋ ಚರಿತ್ರೆಯಲ್ಲಿ ನನಗೆ ನಿಜಕ್ಕೂ ಹಿಡಿಸಿದ್ದು ಅದೇ. 1959ರಲ್ಲಿ ನೀಲ್ಸ್ ಬೋಲಿನ್ ಅನ್ನೋ ಅವರ ಇಂಜಿನಿಯರು ಮೂರು ಕಡೆ ಬಿಗಿಯೋ ಸೀಟ್ ಬೆಲ್ಟ್ ಮಾಡಿದ. ಈತ ಮೊದಲು ವಿಮಾನದ ಪೈಲಟ್ಟುಗಳನ್ನ ಆಚೆ ಚಿಮ್ಮಿಸೋ ಸೀಟಿನ ಮೇಲೆ ಕೆಲಸ ಮಾಡಿದವನು. ಅಲ್ಲಿವರೆಗೆ ಇದ್ದಿದ್ದು ಸೊಂಟಕ್ಕೆ ಸುತ್ತೋ ಪಟ್ಟಿ, ಗುದ್ದಿದ್ರೆ ಹೊಟ್ಟೆಯ ಒಳಗಿನ ಅಂಗಕ್ಕೇ ಪೆಟ್ಟು. ಬೋಲಿನ್ ಒಂದು ಪಟ್ಟಿ ಹೆಗಲ ಮೇಲಿಂದ ಎದೆಗೆ, ಒಂದು ಸೊಂಟಕ್ಕೆ ಇಟ್ಟು, ಎರಡೂ ಪಕ್ಕದಲ್ಲಿ ಕೆಳಗೆ ಒಂದೇ ಕಡೆ ಕೂಡೋ ಹಾಗೆ ಮಾಡಿದ. ಒಂದೇ ಕೈಯಲ್ಲಿ ಹಾಕ್ಕೋಬಹುದು. ಇವತ್ತು ಆಲ್ಟೋದಿಂದ ರೋಲ್ಸ್ ರಾಯ್ಸ್‌ವರೆಗೆ ಎಲ್ಲ ಕಾರಲ್ಲೂ ಇರೋದು ಅದೇ.

ಅದಕ್ಕೆ ಪೇಟೆಂಟ್ ತಗೊಂಡ ಕಂಪನಿ, ಬೇರೆ ಕಂಪನಿಗಳೂ ಬಳಸಲಿ ಅಂತ ಬಿಟ್ಟುಕೊಡ್ತು. ಹತ್ತು ಲಕ್ಷಕ್ಕೂ ಹೆಚ್ಚು ಜೀವ ಇದರಿಂದ ಉಳಿದಿದೆ ಅಂತ ಅವರ ಲೆಕ್ಕ. ಲೆಕ್ಕ ಆಚೀಚೆ ಇರಬಹುದು, ಕಂಪನಿ ಅಂದ್ಮೇಲೆ ಹೆಸರಿನ ಲಾಭವೂ ಇದ್ದೇ ಇದೆ. ಆದರೂ ವಿದ್ಯೆಯನ್ನ ಬಚ್ಚಿಟ್ಟುಕೊಳ್ಳದೆ ಹಂಚಿದ ಕೆಲಸ ಅದು. ವಿದ್ಯೆ ಕೇಳಿದ್ರೆ ಕಿವಿಗೆ ಸೀಸ ಕಾಯಿಸಿ ಹೊಯ್ಯಿ ಅನ್ನೋ ಶಾಸ್ತ್ರ ಇದ್ದ ನಾಡಿನವರು ನಾವು. ನಮಗೆ ಇದರ ಬೆಲೆ ಗೊತ್ತಾಗಬೇಕು.

ಇನ್ನೊಂದು ವಿಷಯ. ಕಾರನ್ನ ಗೋಡೆಗೆ ಗುದ್ದಿಸಿ ಪರೀಕ್ಷೆ ಮಾಡೋವಾಗ ಒಳಗೆ ಗೊಂಬೆ ಕೂರಿಸ್ತಾರೆ. ಬಹಳ ವರ್ಷ ಆ ಗೊಂಬೆಯ ಅಳತೆ ಗಂಡಸಿನದು. ಗಂಡಸಿನ ಎತ್ತರ, ಗಂಡಸಿನ ತೂಕ, ಗಂಡಸಿನ ಕತ್ತು. ಹಾಗಾಗಿ ಅದೇ ಅಪಘಾತದಲ್ಲಿ ಹೆಣ್ಣುಮಕ್ಕಳಿಗೆ ಪೆಟ್ಟು ಜಾಸ್ತಿ. ವೋಲ್ವೋದವರು 1970ರಿಂದ ಸ್ವೀಡನ್ನಿನ ನಿಜವಾದ ಅಪಘಾತಗಳ ಜಾಗಕ್ಕೇ ಹೋಗಿ ಲೆಕ್ಕ ಬರ್ಕೊಂತಾ ಬಂದವ್ರೆ. 40,000ಕ್ಕೂ ಹೆಚ್ಚು ಕಾರು, 70,000ಕ್ಕೂ ಹೆಚ್ಚು ಜನರ ಲೆಕ್ಕ. 2019ರಲ್ಲಿ, ಬೆಲ್ಟಿಗೆ ಅರವತ್ತು ವರ್ಷ ಆದಾಗ, ಆ ಸಂಶೋಧನೆಯನ್ನ ಎಲ್ಲರೂ ಬಳಸೋ ಹಾಗೆ ಬಹಿರಂಗ ಮಾಡಿದ್ರು. ಈಗ ಇಎಕ್ಸ್60 ಅನ್ನೋ ಹೊಸ ಕಾರಿಗೆ, ಕೂತವರ ಎತ್ತರ, ಮೈಕಟ್ಟು ನೋಡಿಕೊಂಡು ಬಿಗಿ ಬದಲಾಯಿಸೋ ಬೆಲ್ಟನ್ನೇ ಮಾಡಿದ್ದಾರೆ.

ಇದನ್ನ ಓದುವಾಗ ನನಗೆ ನಮ್ಮೂರ ಸ್ಕೂಲು, ಆಸ್ಪತ್ರೆ, ಬ್ಯಾಂಕು, ಪೊಲೀಸ್ ಸ್ಟೇಷನ್ನು ಎಲ್ಲ ನೆನಪಾಯ್ತು. ಅವನ್ನೆಲ್ಲ ಯಾರ ಅಳತೆ ಹಿಡಿದು ಕಟ್ಟಿದ್ದಾರೆ? ಜಾಮೀನಿಗೆ ಆಸ್ತಿ ಇರೋನು, ದಾಖಲೆ ಇರೋನು, ಫೋನ್ ಮಾಡಿದ್ರೆ ಎತ್ತೋ ನೆಂಟ ಇರೋನು, ಅವನ ಅಳತೆ. ಆ ಅಳತೆಗೆ ಹೊಂದದವನಿಗೆ ಪೆಟ್ಟು ಜಾಸ್ತಿ. ಮೀಸಲಾತಿ ಯಾಕೆ ಅಂತ ಕೇಳೋರಿಗೆ ಇನ್ಮೇಲೆ ನಾನು ಈ ಗೊಂಬೆ ಕತೆ ಹೇಳ್ತೀನಿ.

ಈಗ ನಮ್ಮ ಸೀಮೆಗೆ ಬರೋಣ.

ನಮ್ಮ ಕಡೆ ಕಾರು ಫ್ಯಾಕ್ಟರಿಯ ಕನಸು ಹಳೇದು. ಮುದ್ದೇನಹಳ್ಳಿ ನಮ್ಮ ಜಿಲ್ಲೆಯದೇ. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಭಾರತದಲ್ಲೇ ಮೋಟಾರು ಕಾರ್ಖಾನೆ ಆಗಬೇಕು ಅಂತ ಯೂರೋಪು, ಅಮೆರಿಕ ಸುತ್ತಿ ಯೋಜನೆ ಹಾಕಿದ್ರು. ಬ್ರಿಟಿಷ್ ಸರ್ಕಾರ ಬೆಂಬಲಿಸಲಿಲ್ಲ, ಅವರಿದ್ದ ಹಾಗೆ ಅದು ಮೈಸೂರು ಸಂಸ್ಥಾನದಲ್ಲಿ ನೆಲೆ ಕಾಣಲಿಲ್ಲ. ಅವರ ಇಂಜಿನಿಯರ್ ಬುದ್ಧಿಗೆ ನಮಸ್ಕಾರ. ಆದ್ರೆ ಅದೇ ವಿಶ್ವೇಶ್ವರಯ್ಯನವರು, 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಬ್ರಾಹ್ಮಣೇತರರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡೋಕೆ ಮಿಲ್ಲರ್ ಸಮಿತಿ ಮಾಡಿದಾಗ ಒಪ್ಪದೆ ದಿವಾನಗಿರಿ ಬಿಟ್ಟರು. ಎರಡೂ ಚರಿತ್ರೆಯೇ. ಸ್ಕೂಲಲ್ಲಿ ಒಂದನ್ನ ಮಾತ್ರ ಹೇಳಿಕೊಡ್ತಾರೆ.

ಕೊನೆಗೆ ಫ್ಯಾಕ್ಟರಿ ಬಂದಿದ್ದು ಸ್ವೀಡನ್ನಿಂದ, ನಮ್ಮ ಪಕ್ಕದ ಹೊಸಕೋಟೆಗೆ. 1998ರಲ್ಲಿ ವೋಲ್ವೋ ಲಾರಿ. 2001ರಲ್ಲಿ ಬಸ್ಸು. ಆಮೇಲೆ ಕೆಎಸ್ಆರ್‌ಟಿಸಿಯ ಐರಾವತ. 2006ರಲ್ಲಿ ಬೆಂಗಳೂರು ಸಿಟಿಗೆ ವಜ್ರ. ನಮ್ಮ ಜನಕ್ಕೆ ವೋಲ್ವೋ ಅಂದ್ರೆ ಕಾರಲ್ಲ, ಬಸ್ಸು. ಬೇರೆ ಯಾವ ಕಂಪನಿಯ ಎಸಿ ಬಸ್ಸು ಬಂದ್ರೂ "ವೋಲ್ವೋ ಬಂತು" ಅಂತಾರೆ. ಶಕ್ತಿ ಯೋಜನೆ ಬಂದ ಮೇಲೆ ನಮ್ಮಮ್ಮ ಕೆಂಪು ಬಸ್ಸಲ್ಲಿ ಪುಕ್ಕಟೆ ಓಡಾಡ್ತಾಳೆ. ಆ ಟಿಕೆಟ್ಟಲ್ಲಿ ಐರಾವತ ಹತ್ತೋ ಹಾಗಿಲ್ಲ. "ಒಳಗೆ ತಣ್ಣಗಿರುತ್ತಂತೆ ಕಣೋ" ಅಂತ ಒಂದ್ಸಲ ಅಂದಿದ್ಲು, ಅಷ್ಟೇ.

ಒಂದು ಗೊಂದಲ ಬಿಡಿಸ್ಬೇಕು. ಬಸ್ಸು ಲಾರಿ ಮಾಡೋ ವೋಲ್ವೋ ಬೇರೆ, ಕಾರು ಮಾಡೋ ವೋಲ್ವೋ ಬೇರೆ. 1999ರಲ್ಲಿ ಸ್ವೀಡನ್ನಿನವರು ಕಾರಿನ ವ್ಯಾಪಾರವನ್ನ ಅಮೆರಿಕದ ಫೋರ್ಡಿಗೆ 645 ಕೋಟಿ ಡಾಲರಿಗೆ ಮಾರಿಬಿಟ್ಟರು. ಫೋರ್ಡಿನವರು ನಷ್ಟ ಮಾಡ್ಕೊಂಡು 2010ರಲ್ಲಿ ಚೀನಾದ ಗೀಲಿ ಕಂಪನಿಗೆ ಮಾರಿದ್ರು. ಗೀಲಿಯ ಲಿ ಶುಫು ಒಬ್ಬ ರೈತನ ಮಗ. ಅಪ್ಪ ಕೊಟ್ಟ ದುಡ್ಡಲ್ಲಿ ಕ್ಯಾಮೆರಾ ತಗೊಂಡು ಫೋಟೋ ತೆಗೀತಾ ಶುರು ಮಾಡಿ, ಫ್ರಿಜ್ಜಿನ ಬಿಡಿಭಾಗ, ಬೈಕು, ಆಮೇಲೆ ಕಾರು ಅಂತ ಮೇಲೆ ಬಂದವನು. ಚೀನಾದ ಬಗ್ಗೆ ನನಗೆ ಮೋಹ ಏನಿಲ್ಲ. ಆದ್ರೆ ನಮ್ಮ ಕೇರಿಯ ಕೂಲಿಯವನ ಮಗ ಫೋಟೋ ಸ್ಟುಡಿಯೋ ಇಡೋಕೆ ಹೋದ್ರೆ ಬ್ಯಾಂಕಿನವನು ಮೊದಲು ಏನು ಕೇಳ್ತಾನೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಸುರಕ್ಷತೆಯ ಹೆಸರಿದ್ದ ಮಾತ್ರಕ್ಕೆ ಎಲ್ಲ ಸರಿ ಅಂತಲೂ ಅಲ್ಲ. 2013ರ ಅಕ್ಟೋಬರ್ 30ರ ಬೆಳಗಿನ ಜಾವ, ಬೆಂಗಳೂರಿಂದ ಹೈದರಾಬಾದಿಗೆ ಹೋಗ್ತಿದ್ದ ಖಾಸಗಿ ವೋಲ್ವೋ ಬಸ್ಸು ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಹತ್ರ ಮೋರಿಗೆ ಬಡಿದು ಹೊತ್ತಿ ಉರಿದು 45 ಜನ ಸತ್ತರು. ಎರಡು ವಾರದಲ್ಲಿ ಹಾವೇರಿ ಹತ್ರ ಇನ್ನೊಂದು ಬಸ್ಸಿಗೆ ಬೆಂಕಿ. ಯಂತ್ರ ಎಷ್ಟೇ ಒಳ್ಳೇದಿರಲಿ, ರಸ್ತೆ, ಮಾಲೀಕ, ಡ್ರೈವರಿನ ನಿದ್ದೆ, ತುರ್ತು ಬಾಗಿಲು ಎಲ್ಲ ಸರಿ ಇದ್ರೇನೇ ಜೀವ ಉಳಿಯೋದು.

ಇನ್ನು ಕಾರು. ಇಂಡಿಯಾಕ್ಕೆ ವೋಲ್ವೋ ಕಾರು ಬಂದಿದ್ದು 2007ರಲ್ಲಿ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆ ಕೋಲಾರದಿಂದ ಬೇರೆ ಆಗಿದ್ದೂ ಅದೇ ವರ್ಷ. ಮೊದಲು ಪೂರ್ತಿ ಕಾರನ್ನ ಹೊರಗಿಂದ ತರ್ತಿದ್ರು. 2017ರಿಂದ ಹೊಸಕೋಟೆಯಲ್ಲೇ ಜೋಡಿಸೋಕೆ ಶುರು ಮಾಡಿದ್ರು, ಮೊದಲು ಎಕ್ಸ್‌ಸಿ90. ಬಿಡಿಭಾಗ ಹೊರಗಿಂದ ಬರುತ್ತೆ, ಜೋಡಿಸೋ ಕೈ ಇಲ್ಲಿಯವರದು. ಈಗ ಇಲ್ಲಿ ಮಾರ್ತಿರೋ ಮಾಡೆಲ್ಲುಗಳನ್ನ ಹುಡುಗ ನನಗೆ ಬಾಯಿಪಾಠ ಒಪ್ಪಿಸಿದ. ಬೆಲೆ ಎಲ್ಲ 2025ರ ಷೋರೂಂ ಲೆಕ್ಕ, ಸುಮಾರಾಗಿ ತಗೊಳ್ಳಿ.

ಎಲ್ಲಕ್ಕಿಂತ ಚಿಕ್ಕದು ಇಎಕ್ಸ್30, ಕರೆಂಟ್ ಕಾರು, 41 ಲಕ್ಷ. ಒಂದು ಚಾರ್ಜಿಗೆ 480 ಕಿ.ಮೀ. ಓಡುತ್ತೆ ಅಂತ ಕಂಪನಿ ಹೇಳುತ್ತೆ. ಅದರ ಮೇಲೆ ಇಎಕ್ಸ್40, 56 ಲಕ್ಷ. ಹಿಂದೆ ಇಳಿಜಾರು ಆಕಾರದ ಇಸಿ40, 59 ಲಕ್ಷ. ಇವೆರಡೂ ಕರೆಂಟಿನವೇ. ಪೆಟ್ರೋಲಿಗೆ ಸಣ್ಣ ಬ್ಯಾಟರಿ ಸೇರಿಸಿದ ಎಕ್ಸ್‌ಸಿ60, 72 ಲಕ್ಷ. ಕೊನೆಗೆ ಏಳು ಸೀಟಿನ ಎಕ್ಸ್‌ಸಿ90, ಒಂದು ಕೋಟಿ ಮೂರು ಲಕ್ಷ. ಇಂಜಿನ್ನು ಅದಕ್ಕೂ ಎರಡು ಲೀಟರಿನ ನಾಲ್ಕು ಸಿಲಿಂಡರೇ, ಗೇರಿನ ಹಿಡಿ ಮಾತ್ರ ಸ್ವೀಡನ್ನಿನ ಸ್ಫಟಿಕದ ಗಾಜು. 2030ಕ್ಕೆ ಬರೀ ಕರೆಂಟ್ ಕಾರೇ ಮಾಡ್ತೀವಿ ಅಂತ ಕಂಪನಿ ಒಂದ್ಸಲ ಶಪಥ ಮಾಡಿತ್ತು. 2024ರ ಸೆಪ್ಟೆಂಬರಲ್ಲಿ ಅದನ್ನ ಸಡಿಲ ಮಾಡ್ಕೊಂತು.

ಕರೆಂಟ್ ಕಾರಿಗೆ ಜಿಎಸ್‌ಟಿ ಶೇ 5, ಕಾರು 59 ಲಕ್ಷದ್ದಾದ್ರೂ ಅಷ್ಟೇ. ಪರಿಸರಕ್ಕೆ ಒಳ್ಳೇದು ಅಂತ ಸರ್ಕಾರದ ರಿಯಾಯಿತಿ. ಒಪ್ಪೋಣ. ಅದೇ ಸರ್ಕಾರಿ ರಿಯಾಯಿತಿ ನಮ್ಮ ಮಕ್ಕಳ ಹಾಸ್ಟೆಲ್ಲಿಗೆ ಬಂದ್ರೆ ಮಾತ್ರ ಅದು 'ಪುಕ್ಕಟೆ ಭಾಗ್ಯ'.

ಇಲ್ಲಿ ಒಂದು ಮಾತು, ನಿಧಾನವಾಗಿ ಓದಿ. ಎಕ್ಸ್‌ಸಿ90ಯಲ್ಲಿ ನಪ್ಪಾ ತೊಗಲಿನ ಸೀಟು. ತೊಗಲು ಅಂದ್ರೆ ಐಷಾರಾಮ. ಷೋರೂಮಿನವರು ಅದನ್ನ ಕೈಯಲ್ಲಿ ಸವರಿ ತೋರಿಸ್ತಾರಂತೆ. ನಮ್ಮ ತಾತ ಸತ್ತ ದನ ಹೊತ್ತು, ಸುಲಿದು, ತಂಗಡಿ ಚೆಕ್ಕೆ ಹಾಕಿ ಹದ ಮಾಡ್ತಿದ್ದ. ಅದೇ ತೊಗಲಲ್ಲಿ ಊರವರಿಗೆ ಮೆಟ್ಟು, ಗೌಡರ ತೋಟಕ್ಕೆ ಕಪಿಲೆಯ ಚೀಲ, ಊರ ದೇವರಿಗೆ ತಮಟೆ. ಆ ಚೀಲದಿಂದ ಮೇಲೆ ಬಂದ ನೀರು ಮೈಲಿಗೆ ಆಗಲಿಲ್ಲ, ಚೀಲ ಹೊಲಿದ ತಾತ ಮೈಲಿಗೆ. ತಮಟೆ ಇಲ್ಲದೆ ದೇವರು ಏಳಲ್ಲ, ಬಡಿಯೋನು ಗುಡಿಯೊಳಗೆ ಬರೋ ಹಾಗಿಲ್ಲ. ಕೋಟಿ ರೂಪಾಯಿ ಕಾರಿನ ಸೀಟಾಗಿ ಬಂದ್ರೆ ಅದೇ ತೊಗಲ ಮೇಲೆ ಎಂಥೆಂಥಾ ಮಡಿವಂತರೂ ಕೂರ್ತಾರೆ.

2021ರಲ್ಲಿ ವೋಲ್ವೋದವರು, ಪೂರ್ತಿ ಕರೆಂಟಿನ ಕಾರುಗಳಲ್ಲಿ ಇನ್ಮುಂದೆ ತೊಗಲು ಬಳಸಲ್ಲ ಅಂತ ಹೇಳಿದ್ರು. ಪ್ರಾಣಿಗಳಿಗಾಗಿ, ಹವಾಮಾನಕ್ಕಾಗಿ. ಸರಿ, ಒಳ್ಳೇದೇ. ಆದ್ರೆ ಇಲ್ಲಿ ತೊಗಲು ಒಳ್ಳೇದು ಅಂದಾಗ್ಲೂ, ಕೆಟ್ಟದು ಅಂದಾಗ್ಲೂ ಅದನ್ನ ಹದ ಮಾಡಿದ ಕೈಗಳ ಮಾತು ಬರೋದೇ ಇಲ್ಲ.

ಲಾರಿ ಫ್ಯಾಕ್ಟರಿ ಶುರುವಾಗಿ ಎರಡು ವರ್ಷ ಆಗಿತ್ತು. 2000ನೇ ಇಸವಿ ಮಾರ್ಚ್ 11. ನಮ್ಮ ಪಕ್ಕದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ನಮ್ಮವರು ಏಳು ಜನರನ್ನ ಮನೆಯೊಳಗೆ ಕೂಡಿ ಸುಟ್ಟರು. ಆರೋಪಿಗಳೆಲ್ಲ ಖುಲಾಸೆ ಆದ್ರು. ಸಾಕ್ಷಿಗಳು ತಿರುಗಿದ್ರು, ಹೈಕೋರ್ಟೂ ಆ ಖುಲಾಸೆಯನ್ನೇ ಎತ್ತಿ ಹಿಡೀತು. ಲೋಕದಲ್ಲೇ ಸುರಕ್ಷಿತವಾದ ಗಾಡಿ ಅಂತ ಹೆಸರಾದ ಕಂಪನಿ ಒಂದು ಕಡೆ. ಅಲ್ಲಿಂದ ಒಂದು ಹಗಲಲ್ಲಿ ಹೋಗಿಬರೋ ದೂರದಲ್ಲಿ, ತಮ್ಮ ಮನೆಯೊಳಗೇ ಸುರಕ್ಷಿತವಲ್ಲದ ಜನ. ಕಂಪನಿಗೂ ಕಂಬಾಲಪಲ್ಲಿಗೂ ಸಂಬಂಧ ಇದೆ ಅಂತ ನಾನು ಹೇಳ್ತಿಲ್ಲ. ಸಂಬಂಧ ಇಲ್ಲ ಅನ್ನೋದೇ ನನ್ನ ಸಂಕಟ. ಫ್ಯಾಕ್ಟರಿ ಬಂದ್ರೆ ಜಾತಿ ತಾನಾಗೇ ಹೋಗುತ್ತೆ ಅಂತ ನಮಗೆ ಹೇಳಿದವರಿದ್ರು.

2023ರ ಅಕ್ಟೋಬರ್ 26 ನೆನಪಿದೆಯಾ? ಬೆಳಗಿನ ಮಂಜಲ್ಲಿ ಚಿಕ್ಕಬಳ್ಳಾಪುರದ ಹತ್ರ ಹೈವೇಯಲ್ಲಿ ನಿಂತಿದ್ದ ಟ್ಯಾಂಕರಿಗೆ ಟಾಟಾ ಸುಮೋ ಗುದ್ದಿ 13 ಜನ ಹೋದ್ರು. ಬೆಂಗಳೂರಿಗೆ ಕೂಲಿಗೆ ಹೊರಟವರೇ ಹೆಚ್ಚು. ಆ ಗಾಡಿಯಲ್ಲಿ ಎಷ್ಟು ಸೀಟಿದ್ವು, ಎಷ್ಟು ಜನ ಕೂತಿದ್ರು ಅಂತ ಲೆಕ್ಕ ಹಾಕಿ. ನಮ್ಮ ಜಂಗಮಕೋಟೆ ಸುತ್ತ ಹಿಪ್ಪುನೇರಳೆ ಸೊಪ್ಪು ಕೊಯ್ಯೋಕೆ, ದ್ರಾಕ್ಷಿ ತೋಟಕ್ಕೆ ಹೋಗೋ ಹೆಣ್ಣಾಳುಗಳು ದಿನಾ ಟೆಂಪೋ ಹಿಂದೆ ನಿಂತ್ಕೊಂಡು ಹೋಗ್ತಾರೆ. ಬೋಲಿನ್ ತನ್ನ ಬೆಲ್ಟನ್ನ ಲೋಕಕ್ಕೆ ಬಿಟ್ಟುಕೊಟ್ಟು ಅರವತ್ತು ವರ್ಷ ದಾಟ್ತು. ಬೆಲ್ಟ್ ಹಾಕೋಕೆ ಮೊದಲು ಸೀಟು ಬೇಕಲ್ಲ ಸ್ವಾಮಿ.

ಈಗ ಭೂಮಿ ಮಾತು. ಕೆಐಎಡಿಬಿಯವರು ನಮ್ಮ ಜಂಗಮಕೋಟೆ ಹೋಬಳಿಯ 13 ಹಳ್ಳಿಗಳಲ್ಲಿ 2,823 ಎಕರೆ ಕೈಗಾರಿಕೆಗೆ ಬೇಕು ಅಂತ ಹೊರಟಿದ್ದು ನಿಮಗೆಲ್ಲ ಗೊತ್ತು. ಒಂದು ಗುಂಪು ಕೊಡಲ್ಲ ಅಂತು, ಇನ್ನೊಂದು ಗುಂಪು ಒಳ್ಳೆ ಬೆಲೆ ಕೊಟ್ರೆ ಕೊಡ್ತೀವಿ ಅಂತು. ಪಕ್ಕದ ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯವರು 1,777 ಎಕರೆಗಾಗಿ 2022ರಿಂದ ಮೂರು ವರ್ಷದ ಮೇಲೆ ಕೂತು, 2025ರ ಜುಲೈ 15ಕ್ಕೆ ಸರ್ಕಾರ ಕೈಬಿಡೋ ಹಾಗೆ ಮಾಡಿದ್ರು. ಅಲ್ಲಿ ದಲಿತ ಸಂಘಟನೆಗಳೂ, ರೈತ ಸಂಘಟನೆಗಳೂ ಜೊತೆಗೆ ಕೂತಿದ್ವು. ಅದನ್ನ ಮರೀಬಾರದು.

ಆದ್ರೆ ನಮ್ಮೂರ ಚರ್ಚೆಯಲ್ಲಿ ಬೇಕು ಅನ್ನೋರೂ ಜಮೀನಿರೋರು, ಬೇಡ ಅನ್ನೋರೂ ಜಮೀನಿರೋರು. ಅದೇ ಜಮೀನಲ್ಲಿ ಸೊಪ್ಪು ಕೊಯ್ದು, ಹುಳ ಸಾಕಿ ಬದುಕೋ ಕೂಲಿಯವರನ್ನ ಯಾರೂ ಕೇಳಲಿಲ್ಲ. 2013ರ ಕೇಂದ್ರದ ಭೂಸ್ವಾಧೀನ ಕಾಯ್ದೆಯಲ್ಲಿ, ಮೂರು ವರ್ಷದಿಂದ ಆ ಭೂಮಿಯನ್ನೇ ನಂಬಿ ಬದುಕಿದ ಕೂಲಿಕಾರರನ್ನೂ ಬಾಧಿತ ಕುಟುಂಬ ಅಂತ ಲೆಕ್ಕ ಹಿಡೀಬೇಕು ಅಂತಿದೆ. ಕೆಐಎಡಿಬಿ ತನ್ನ 1966ರ ಕಾಯ್ದೆ ಹಿಡಿದು ಬಂದಾಗ ಆ ಲೆಕ್ಕ ಬರೋದಿಲ್ಲ. ಇನ್ನು ದರ್ಖಾಸ್ತಿನಲ್ಲಿ ಸಿಕ್ಕ ಒಂದೆರಡು ಎಕರೆ ಇರೋ ನಮ್ಮವರು, 1978ರ ಪಿಟಿಸಿಎಲ್ ಕಾಯ್ದೆ ಇದ್ರೂ, ಯಾವತ್ತೋ ಯಾರಿಗೋ ಕಾಗದ ಬರ್ಕೊಟ್ಟು ಕೋರ್ಟು ಸುತ್ತುತ್ತಾ ಇದ್ದಾರೆ.

ನಮ್ಮ ದೊಡ್ಡಪ್ಪನ ಮಗ ಒಬ್ಬ ಹೊಸಕೋಟೆ ಕಡೆ ಒಂದು ಕಂಪನಿಯ ಗೇಟಲ್ಲಿ ಸೆಕ್ಯೂರಿಟಿ. ಕಾರಿನದ್ದಲ್ಲ, ಬೇರೆ ಕಂಪನಿ, ಹೆಸರು ಬೇಡ. ಐಟಿಐ ಪಾಸು, ಫಿಟ್ಟರ್. ಒಳಗೆ ಕೆಲಸ ಕೇಳಿದ್ದಕ್ಕೆ ಕಂಟ್ರಾಕ್ಟರ್ ಮೊದಲು ಯಾವೂರು ಅಂದ, ಆಮೇಲೆ ಊರಲ್ಲಿ ಮನೆ ಯಾವ ಕಡೆ ಅಂದ. ಹತ್ತು ವರ್ಷದಿಂದ ಗೇಟು ತೆಗೀತಾನೆ, ಹಾಕ್ತಾನೆ. ಜಮೀನು ಕೇಳೋಕೆ ಬರುವಾಗ ಮನೆಗೊಂದು ಕೆಲಸ ಅಂತಾರಲ್ಲ, ಆ ಕೆಲಸ ಗೇಟಿನ ಆಚೆಯದೋ ಈಚೆಯದೋ ಅಂತ ಈ ಸಲ ಮೊದಲೇ ಬರೆಸ್ಕೋಬೇಕು. ಸ್ವೀಡನ್ನಿನ ಕಲ್ಮಾರಲ್ಲಿ 1974ರಲ್ಲಿ ವೋಲ್ವೋದವರೇ ಒಂದು ಫ್ಯಾಕ್ಟರಿ ಕಟ್ಟಿದ್ರು. ಅಲ್ಲಿ ಒಬ್ಬ ಒಂದೇ ನಟ್ಟು ತಿರುಗಿಸ್ತಾ ಸವೆಯಬಾರದು, ಒಂದು ತಂಡ ಸೇರಿ ಕೆಲಸವನ್ನ ತಾವೇ ಹಂಚ್ಕೊಂಡು ಮಾಡ್ಲಿ ಅಂತ. ಇಪ್ಪತ್ತು ವರ್ಷ ನಡೆದು 1994ರಲ್ಲಿ ಮುಚ್ಚಿತು. ಆದ್ರೂ ಕೆಲಸಗಾರ ಮನುಷ್ಯ ಅಂತ ಫ್ಯಾಕ್ಟರಿಯ ನಕ್ಷೆಯಲ್ಲೇ ಬರೆದಿದ್ದ ಕಾಲ ಒಂದಿತ್ತು. ಅಂಥದ್ದನ್ನ ಕೇಳೋ ಹಕ್ಕು ನಮಗೂ ಇದೆ.

ಅಂಬೇಡ್ಕರ್ ಅಭಿವೃದ್ಧಿ ನಿಗಮದಲ್ಲಿ ನಮ್ಮ ಹುಡುಗರಿಗೆ ಟ್ಯಾಕ್ಸಿ ಕೊಳ್ಳೋಕೆ 5 ಲಕ್ಷದವರೆಗೆ ಸಹಾಯಧನ ಕೊಡೋ ಯೋಜನೆ ಬಂತು. ಹೆಸರು ಐರಾವತ! ಬಸ್ಸಿಗೂ ಅದೇ ಹೆಸರು. ಅದರಿಂದ ಒಂದಷ್ಟು ಹುಡುಗರು ಸ್ಟೇರಿಂಗ್ ಹಿಡಿದ್ರು, ಒಳ್ಳೇದಾಯ್ತು. ಡ್ರೈವರ್ ಕೆಲಸ ಕೀಳಲ್ಲ. ಆದ್ರೆ ಸರ್ಕಾರದ ಕನಸಲ್ಲೂ ನಮ್ಮವನು ಮುಂದಿನ ಸೀಟಲ್ಲಿ, ಯಾರನ್ನೋ ಹಿಂದೆ ಕೂರಿಸ್ಕೊಂಡು ಓಡಿಸೋನೇ. ಅದೇ ಕಾರಿನ ನಕ್ಷೆ ಬರೆಯೋ ಇಂಜಿನಿಯರು, ಬೆಲ್ಟ್ ಮಾಡೋ ಬೋಲಿನ್ನು, ಕಂಪನಿ ಕೊಳ್ಳೋ ಲಿ ಶುಫು ನಮ್ಮ ಕೇರಿಯಿಂದ ಬರೋ ಯೋಜನೆಗೆ ಇನ್ನೂ ಯಾರೂ ಹೆಸರಿಟ್ಟಿಲ್ಲ.

ಇಷ್ಟೆಲ್ಲ ಓದಿದ ಮೇಲೆ ಹುಡುಗನ ಮನೆಗೆ ಹೋದೆ. "ತಪ್ಪಾಯ್ತು ಕಣಪ್ಪ, ಎಲ್ಲರ ಮುಂದೆ ಹಂಗೆ ಬೈಬಾರದಿತ್ತು" ಅಂದೆ. ಅವನು ನಕ್ಕ. "ಬಿಡಣ್ಣ. ನನಗೆ ಕಾರಿನ ಆಸೆ ಅಲ್ಲಣ್ಣ. ನೀನೇ ಅಲ್ವಾ ಟಾಂಗಾ ಕತೆ ಹೇಳಿದ್ದು? ಆವತ್ತು ನಮ್ಮೋರಲ್ಲಿ ಓಡ್ಸೋಕೆ ಬರೋನು ಒಬ್ಬ ಇದ್ದಿದ್ರೆ ಅಪ್ಪಾಜಿ ಬೀಳ್ತಿರ್ಲಿಲ್ಲ. ನನಗೆ ಓಡ್ಸೋಕೆ ಬರುತ್ತೆ. ಒಂದ್ಸಲ ನಾನೇ ಕೂರಿಸ್ಕೊಂಡು, ಬೆಲ್ಟ್ ಹಾಕಿ, ಜೋಪಾನವಾಗಿ ಕರ್ಕೊಂಡು ಬರೋಣ ಅಂತ ಅನ್ನಿಸ್ತು" ಅಂದ.

ನನ್ನ ಹತ್ರ ಮಾತಿರಲಿಲ್ಲ. ಆ ಕತೆಯನ್ನ ಇಪ್ಪತ್ತು ವರ್ಷದಿಂದ ಭಾಷಣದಲ್ಲಿ ಹೇಳ್ತಿದ್ದೀನಿ. ಅವನು ಕೇಳಿಸ್ಕೊಂಡಷ್ಟು ನಾನು ಕೇಳಿಸ್ಕೊಂಡಿರಲಿಲ್ಲ.

ಮೆರವಣಿಗೆ ಟ್ರ್ಯಾಕ್ಟರಲ್ಲೇ ಆಯ್ತು, ಯಾಕಂದ್ರೆ ಮಾಲೀಕರು ಕಾರು ಕೊಡಲಿಲ್ಲ. ಟ್ರ್ಯಾಕ್ಟರ್ ಓಡಿಸಿದ್ದು ಅವನೇ. ಫೋಟೋಗೆ ಹಗ್ಗ ಕಟ್ಟುವಾಗ ಒಂದನ್ನ ಹೆಗಲ ಮೇಲಿಂದ, ಒಂದನ್ನ ಸೊಂಟಕ್ಕೆ ಅಡ್ಡವಾಗಿ ಎಳೆದು, ಎರಡನ್ನೂ ಕೆಳಗೆ ಒಂದೇ ಕಡೆ ಗಂಟು ಹಾಕಿದ. ನೋಡಿ ನಾನೊಬ್ಬನೇ ನಕ್ಕೆ.

2027ಕ್ಕೆ ಮಹಾಡಿಗೆ ನೂರು ವರ್ಷ. ಆ ಕಂಪನಿಗೂ ನೂರು. ಅವರು ಗೋಥೆನ್‌ಬರ್ಗಲ್ಲಿ ದೊಡ್ಡ ಹಬ್ಬವನ್ನೇ ಮಾಡ್ಕೊಂತಾರೆ. ನಾವು ಜಂಗಮಕೋಟೆಯಲ್ಲಿ ಅಷ್ಟರೊಳಗೆ ಎರಡು ಕೆಲಸ ಮಾಡೋಣ. ಒಂದು, 13 ಹಳ್ಳಿಯ ಭೂಮಿಹೀನ ಕೂಲಿ ಕುಟುಂಬಗಳ ಪಟ್ಟಿ, ಮನೆಮನೆಗೆ ಹೋಗಿ, ನಾವೇ ಬರೆಯೋದು. ಭೂಮಿ ಹೋಗಲಿ ಉಳಿಯಲಿ, ಆ ಪಟ್ಟಿ ಮೇಜಿನ ಮೇಲೆ ಇರಬೇಕು. ಎರಡು, ಟೆಂಪೋದಲ್ಲಿ ಕೂಲಿಗೆ ಹೋಗೋ ಹೆಣ್ಣುಮಕ್ಕಳಿಗೆ ಬೆಳಗ್ಗೆ ಸಂಜೆ ಬಸ್ಸು ಬಿಡಿ ಅಂತ ಡಿಪೋಗೆ ಅರ್ಜಿ. ವೋಲ್ವೋ ಬೇಡ, ಕೆಂಪು ಬಸ್ಸೇ ಸಾಕು, ಎಲ್ಲರಿಗೂ ಸೀಟಿರಲಿ.

ಬರೋರು ಭಾನುವಾರ ಬೆಳಗ್ಗೆ ಕಾಲೋನಿ ಹತ್ರ ಸೇರಿ. ಪೆನ್ನು, ಪುಸ್ತಕ ತನ್ನಿ. ಗಾಡಿ ಇರೋರು ಗಾಡಿ ತನ್ನಿ, ಇಲ್ಲದೋರನ್ನ ಹತ್ತಿಸ್ಕೊಂಡು ಬನ್ನಿ.

ಜೈ ಭೀಮ್.